ಅರ್ಧ ಅಪ್ಪಣೆ

ಅಕ್ಕೋರು ತೀರಿಕೊಂಡ ಮೇಲೆ ಕೊಲ್ಹಾಪುರದ ಶಾಲೆಯವರು ಒಂದು ಶೋಕಸಭೆ ಇಟ್ಟುಕೊಂಡು, ಮಾತಾಡಲು ಮೊದಲು ನನಗೇ ಹೇಳಿಕಳಿಸಿದರು. ಅಕ್ಕೋರು ತಯಾರು ಮಾಡಿದ ಭಾಷಣಕಾರ ನಾನು. ಚರ್ಚಾಸ್ಪರ್ಧೆಗಳಲ್ಲಿ ಆ ಶಾಲೆಗೆ ನಾಲ್ಕು ಬಹುಮಾನದ ಢಾಲು ತಂದುಕೊಟ್ಟವನು. ಗಂಟಲು ಕೆಟ್ಟಿದೆ, ಬರಲಾರೆ ಎಂದೆ. ಗಂಟಲು ಚೆನ್ನಾಗಿಯೇ ಇತ್ತು. ಅಂಥ ಸಭೆಗಳಲ್ಲಿ ಏನು ಹೇಳುತ್ತಾರೆಂದು ಎಲ್ಲರಿಗೂ ಗೊತ್ತು: ಶಾಂತಸ್ವಭಾವದವರು, ಯಾರಿಗೂ ನೋವಾಗುವಂತೆ ಒಂದು ಮಾತು ಆಡಿದವರಲ್ಲ, ದೇವರ ಭಕ್ತರು. ಮೊದಲಿನ ಎರಡೂ ಸುಳ್ಳು. ಮೂರನೆಯದನ್ನು ನಾನು ಯಾವ ಬಾಯಿಂದ ಹೇಳಲಿ? ನಾನು ದೇವರನ್ನು ನಂಬುವವನಲ್ಲ. ಅಂದೂ ನಂಬಿರಲಿಲ್ಲ, ಇದೆಲ್ಲ ಆದ ಮೇಲೂ ನಂಬಿಲ್ಲ.

ಅಕ್ಕೋರ ನಾಲಿಗೆ ಹರಿತವಾಗಿತ್ತು. ಆ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು; ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎಂದೇ ಕರೆಯುವುದು. ತರಗತಿಗೆ ತಡವಾಗಿ ಬಂದವನಿಗೆ, "ಬರ್ರಿ ಸರದಾರ, ಪಾನಿಪತ್ತದ ಯುದ್ಧಕ್ಕೂ ಹಿಂಗ ಹೋಗಿದ್ರೇನ? ಅದಕ್ಕ ಸೋತಿರಿ" ಎಂದು ಬಿಡುವರು. ಮದುವೆಯಾಗಿರಲಿಲ್ಲ. ಚರ್ಚಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಗಂಡಸರ ಛತ್ರಿ. ಅದನ್ನು ಬಿಚ್ಚಿದ್ದಕ್ಕಿಂತ ಹುಡುಗರತ್ತ ತೋರಿಸಿದ್ದೇ ಹೆಚ್ಚು. ಶನಿವಾರ ಮಧ್ಯಾಹ್ನ ಮನೆಯ ಕಟ್ಟೆಯ ಮೇಲೆ ನಮಗೆ ಚರ್ಚೆಯ ಪಾಠ ನಡೆಯುತ್ತಿತ್ತು. ನಡುವೆ ಒಂದು ತಾಟಿನಲ್ಲಿ ಫುಟಾಣಿ ಎಂಬ ಹುರಿಗಡಲೆ, ಬೆಲ್ಲ. ಯಾರು ಸೋತರೋ ಅವರಿಗೆ ಬೆಲ್ಲ ಮೊದಲು. "ಗೆದ್ದಾಂವಗ ಸಿಹಿ ಯಾಕ? ಅವನ ಬಾಯಿ ಮೊದಲ ಸಿಹಿ ಆಗಿರತೈತಿ."

ಅವರ ಪಾಠದಲ್ಲಿ ಒಂದೇ ಕಟ್ಟಳೆ. ಎದುರಾಳಿಯ ಮಾತನ್ನು ಮುರಿಯುವ ಮೊದಲು ಅದನ್ನು ನಮ್ಮ ಬಾಯಿಂದ ನಾವೇ ಹೇಳಬೇಕು. ಅದೂ ಎಷ್ಟು ಚೆನ್ನಾಗಿ ಎಂದರೆ, ಎದುರಾಳಿ "ಹೌದು, ಇದ ನನ್ನ ಮಾತು" ಎಂದು ತಲೆಯಾಡಿಸಬೇಕು. ಅವನು ತಲೆಯಾಡಿಸುವ ತನಕ ಮುರಿಯುವ ಹಕ್ಕು ನಮಗಿಲ್ಲ. ಬೇರೆ ಶಾಲೆಯ ಹುಡುಗರು ಮೇಜು ಗುದ್ದಿ ಕೂಗುತ್ತಿದ್ದಾಗ ನಾವು ಗೆಲ್ಲುತ್ತಿದ್ದದ್ದು ಈ ಒಂದು ಉಪಾಯದಿಂದ. ನನಗೆ ಅದು ಬರೀ ಉಪಾಯವಾಗಿತ್ತು.

ಒಮ್ಮೆ ದೇವರು ಇದ್ದಾನೆಯೋ ಇಲ್ಲವೋ ಎಂಬ ವಿಷಯ ಬಂತು. ಇಲ್ಲವೆನ್ನುವ ಪಕ್ಷ ನನಗೆ. ಅಕ್ಕೋರು ಒಲ್ಲೆ ಎನ್ನುತ್ತಾರೆ, ಆಗ ಅವರ ಮುಖಕ್ಕೇ ನಾಲ್ಕು ಮಾತು ಹೇಳಬಹುದು ಎಂದು ಹುರುಪಿನಿಂದ ಹೋದೆ. ಅವರು ಕಣ್ಣುಮುಚ್ಚಿ ನನ್ನ ಭಾಷಣದ ಒಂದೊಂದು ಅಂಶವನ್ನೂ, ಅವರ ಮಾತಿನಲ್ಲಿ ಒಂದೊಂದು ಮುದ್ದಾವನ್ನೂ, ಪೂರ್ತಿ ಕೇಳಿದರು.

"ಎರಡನೇ ಮುದ್ದಾ ಸೊಟ್ಟ ಐತಿ. ಅದನ್ನ ಬಡದು ನೆಟ್ಟಗ ಮಾಡು."

"ನಾ ದೇವರ ಇಲ್ಲ ಅನ್ನಾಕತ್ತೇನ್ರಿ, ಅಕ್ಕೋರ. ನಿಮಗೇನೂ ಅನಸೂದಿಲ್ಲೇನ್ರಿ?"

"ದೇವರ ಕಾಳಜಿ ನೀ ಮಾಡಬ್ಯಾಡ. ನಿನ್ನ ಎರಡನೇ ಮುದ್ದಾದ ಕಾಳಜಿ ಮಾಡು."

ಆ ವರ್ಷದ ಢಾಲೂ ನಮಗೇ ಬಂತು. ದೇವರಿಲ್ಲ ಎಂದು ನನಗೆ ಚೆನ್ನಾಗಿ ಹೇಳಲು ಕಲಿಸಿದವರು ಅವರೇ.

ಇನ್ನು ನಮ್ಮ ಅಪ್ಪನ ವಿಷಯ. ಅಪ್ಪ ಇಚಲಕರಂಜಿಯಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ವಿದ್ಯುತ್ ಮಗ್ಗ ನಡೆಸುತ್ತಿದ್ದ. ಅವನೂ ಅಕ್ಕೋರೂ ಹುಟ್ಟಿದ್ದು ಗಡಹಿಂಗ್ಲಜದಲ್ಲಿ, ಊರ ಹೊರಗಿನ ಒಂದೇ ಕೇರಿಯಲ್ಲಿ. ಅಕ್ಕೋರ ಅಪ್ಪ ಮೊದಲೇ ಕ್ರೈಸ್ತನಾಗಿದ್ದ. ನಮ್ಮ ಅಜ್ಜ ಆಗಿರಲಿಲ್ಲ. ಆದರೆ ಹಿರಣ್ಯಕೇಶಿಯ ದಂಡೆಯಲ್ಲಿ ಇಬ್ಬರೂ ಒಟ್ಟಿಗೆ ಬೆಳೆದವರು. ಅವರು ಅಕ್ಕ, ಇವನು ತಮ್ಮ. ರಕ್ತಸಂಬಂಧ ಇಲ್ಲದಿದ್ದರೂ ಅವ್ವ ಅವರನ್ನು ನಾದಿನಿ ಎಂದೇ ಕಾಡುತ್ತಿದ್ದಳು.

ಊರೂರಲ್ಲಿ ನಮ್ಮ ಜನ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಅಪ್ಪನೂ ತೆಗೆದುಕೊಂಡ. ಅದೇ ದಿನ ಬಿಳಿ ಅಂಗಿ, ಬಿಳಿ ಧೋತರ ಉಟ್ಟುಕೊಂಡು, ಕಿಸೆಯಲ್ಲಿ ಪೇಡೆ ಇಟ್ಟುಕೊಂಡು ಗಡಹಿಂಗ್ಲಜದ ಬಸ್ ಸ್ಟ್ಯಾಂಡಿಗೆ ಹೋದ. ರಜೆಗೆ ಬಂದಿದ್ದ ಅಕ್ಕೋರು ಕೊಲ್ಹಾಪುರದ ಬಸ್ಸಿಗೆ ಕಾಯುತ್ತಿದ್ದರು. ಅವರಿಗೇ ಮೊದಲು ಹೇಳಬೇಕೆಂದು ಅವನ ಆಸೆ. ಅಕ್ಕೋರು ಅವನ ಬಿಳಿ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿ, ಹತ್ತು ಜನರ ಮುಂದೆ, "ಏನೋ ತಮ್ಮಾ, ಅಲ್ಲೆ ಹಾಲಿನ ಪುಡಿ ಹಂಚಿದ್ರೇನ?" ಎಂದರು.

ಜನ ನಕ್ಕರು. ಹಾಲಿನ ಪುಡಿಗೆ ಧರ್ಮ ಮಾರಿಕೊಂಡವರು ಎಂಬುದು ಊರವರು ಕ್ರೈಸ್ತರಿಗೆ ಹಾಕುತ್ತಿದ್ದ ಚುಚ್ಚು. ಅಕ್ಕೋರೂ ಅದನ್ನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದಿದ್ದರು. ಅದೇ ಚುಚ್ಚನ್ನು ತಮ್ಮನ ಮೇಲೆ ಎಸೆದರು. ಅಪ್ಪ ಪೇಡೆಯನ್ನು ಕಿಸೆಯಿಂದ ತೆಗೆಯಲಿಲ್ಲ. ಮನೆಗೆ ಬಂದು ಇರುವೆಗಳಿಗೆ ಹಾಕಿದ ಎಂದು ಅವ್ವ ಹೇಳುತ್ತಿದ್ದಳು. ಅಂದಿನಿಂದ ಅವನು ಅಕ್ಕೋರನ್ನು ಮಾತಾಡಿಸಲಿಲ್ಲ. ಆದರೆ ನಾನು ಹೈಸ್ಕೂಲಿಗೆ ಬಂದಾಗ ಕೊಲ್ಹಾಪುರಕ್ಕೆ, ಅವರ ಶಾಲೆಗೇ ಹಚ್ಚಿದ.

"ಕಲಸೂದ್ರಾಗ ಆಕೀನ್ನ ಮೀರಿಸಾವರಿಲ್ಲ. ನಾ ಮಾತಾಡಸೂದಿಲ್ಲ. ನೀ ಮಾತಾಡ್ಸು, ಕಲಿ."

ನಾನು ಕಾಲೇಜು ಸೇರಿದ ಮೇಲೂ ಶನಿವಾರ ತಪ್ಪದೆ ಅವರ ಕಟ್ಟೆಗೆ ಹೋಗುತ್ತಿದ್ದೆ. ಒಮ್ಮೆ ಅವರಲ್ಲಿ ಬಿಟ್ಟುಬಂದ ಪುಸ್ತಕ ತರಲೆಂದು ಭಾನುವಾರ ಹೋದೆ. ಮನೆಗೆ ಬೀಗ. ಚರ್ಚಿನ ಕಿಟಕಿಯ ಹತ್ತಿರ ನಿಂತು ಕಾದೆ. ತಿಂಗಳ ಮೊದಲ ಭಾನುವಾರ. ಅವರಲ್ಲಿ ಅಂದು ಪ್ರಭುವಿನ ಭೋಜನ. ಒಂದೇ ಬಟ್ಟಲು ಕೈಯಿಂದ ಕೈಗೆ ಬರುತ್ತದೆ, ಒಬ್ಬೊಬ್ಬರೂ ಒಂದು ಗುಟುಕು ದ್ರಾಕ್ಷಾರಸ ಕುಡಿದು ಮುಂದಿನವರಿಗೆ ಕೊಡುತ್ತಾರೆ. ಮನಸ್ಸಿನಲ್ಲಿ ಪಾಪ ಇಟ್ಟುಕೊಂಡವರು ಅದನ್ನು ಕುಡಿಯಬಾರದಂತೆ. ಬಟ್ಟಲು ಅಕ್ಕೋರ ಕೈಗೆ ಬಂತು. ಅವರು ಕುಡಿಯಲಿಲ್ಲ, ತಲೆ ತಗ್ಗಿಸಿ ಪಕ್ಕದವಳಿಗೆ ದಾಟಿಸಿದರು. ಪಕ್ಕದವಳು ಹಾಗೆ ಆಗುವುದು ಗೊತ್ತಿದ್ದವಳಂತೆ ಮೊದಲೇ ಕೈ ಚಾಚಿದ್ದಳು. ಹಿಂದಿನ ಸಾಲಿನ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆಯಿಲ್ಲದ ಹೆಂಗಸು, ಬಟ್ಟಲಿಗೆ ತುಟಿ ಹಚ್ಚುವುದಿಲ್ಲ. ಇನ್ನು ಮಂದಿ ಏನನ್ನು ಊಹಿಸಿಕೊಳ್ಳಬೇಕೋ ಅದನ್ನು ಊಹಿಸಿಕೊಂಡಿದ್ದರು.

ಮುಂದಿನ ಶನಿವಾರ ನಾನು ಕೇಳಿಯೇ ಬಿಟ್ಟೆ. ಅವರು ಮುಚ್ಚಿಡಲಿಲ್ಲ.

"ನಿಮ್ಮಪ್ಪಗ ನಾ ಅಂದ ಮಾತು ಗೊತ್ತೈತಲ್ಲ ನಿನಗ? ಅಣ್ಣತಮ್ಮರ ಮನಸ್ಸು ಮುರದಿದ್ರ, ದೇವರ ಮುಂದ ತಂದ ಕಾಣಿಕಿ ಅಲ್ಲೇ ಬಿಟ್ಟು ಮೊದಲ ಹೋಗಿ ಸಮಾಧಾನ ಆಗು ಅಂತ ನಮ್ಮ ಪ್ರಭುವಿನ ಅಪ್ಪಣಿ ಐತಿ. ಅದಕ್ಕ ನಾ ಬಟ್ಟಲಿಗೆ ತುಟಿ ಹಚ್ಚೂದಿಲ್ಲ."

"ಎಷ್ಟ ವರ್ಷ ಆತ್ರಿ?"

"ಆ ವರ್ಷದಿಂದ."

"ಹೋಗಿಲ್ರಿ?"

"ಇಲ್ಲ." ಫುಟಾಣಿಯ ಸಿಪ್ಪೆ ಊದಿದರು. "ದೇವರ ಮಾತು ತಿಳೀಲಿಲ್ಲ ಅನ್ನಾವರು ಭಾಳ ಮಂದಿ ಅದಾರ. ನನ್ನ ತ್ರಾಸು ಅದಲ್ಲ. ನನಗ ತಿಳದೈತಿ."

ಅಲ್ಲಿ ನನಗೊಂದು ಬಿರುಕು ಕಂಡಿತು. ಚರ್ಚೆಯಲ್ಲಿ ಪಳಗಿದವನಿಗೆ ಬಿರುಕು ಕಂಡರೆ ಬೇರೇನೂ ಕಾಣುವುದಿಲ್ಲ. ಎದುರಿಗೆ ಕೂತವರು ನನ್ನ ಗುರು ಎಂಬುದಾಗಲಿ, ವಿಷಯ ನನ್ನ ಅಪ್ಪನದು ಎಂಬುದಾಗಲಿ ಆ ಹೊತ್ತು ನನ್ನ ತಲೆಯಲ್ಲಿರಲಿಲ್ಲ.

"ಹಂಗಾರ ನಿಮ್ಮ ಅಪ್ಪಣ್ಯಾಗ ಎರಡ ಭಾಗ ಅದಾವ್ರಿ. ಒಂದು ಬಿಡೂದು, ಇನ್ನೊಂದು ಹೋಗೂದು. ಬಿಡೂದು ಸೋವಿ, ಕುಂತಲ್ಲೇ ಬಿಡಬಹುದು. ಹೋಗೂದು ತುಟ್ಟಿ. ನೀವು ಸೋವಿದ್ದಷ್ಟ ನಡಿಸಿ, ದೇವರ ಮಾತ ಕೇಳಾಕತ್ತೇನಿ ಅಂತ ತಲಿ ಬಾಗಿಸಿ ಕುಂದರತೀರಿ. ಅರ್ಧ ಅಪ್ಪಣಿ ಕೇಳೂದಂದ್ರ ತನ್ನ ಮಾತ ತಾನ ಕೇಳಿಕೊಂಡಂಗ."

ಅಕ್ಕೋರು ಎಂದಿನಂತೆ ಒಂದು ಬೆರಳೆತ್ತಿ, ನನ್ನ ಮಾತನ್ನು ನನಗೇ ತಿರುಗಿ ಹೇಳಿದರು, ನನಗಿಂತ ಚೆನ್ನಾಗಿ. "ಬಟ್ಟಲ ಬಿಟ್ಟಿದ್ದು ಭಕ್ತಿ ಅಲ್ಲ, ಹೋಗಲಾರದ್ದನ್ನ ಮುಚ್ಚಾಕ ಮಾಡಿದ ಸೋಗು. ಮಂದಿ ನನ್ನ ಪಾಪಿ ಅಂದ್ರೂ ಅಡ್ಡಿಯಿಲ್ಲ, ತಮ್ಮನ ಮುಂದ ಮಾತ್ರ ಸಣ್ಣಾಕಿ ಆಗಲಾರೆ ಅಂತ ಹಟ. ಇದ ಹೌದಲ್ಲ ನಿನ್ನ ಮಾತು?"

ನಾನು ಇಷ್ಟು ಹೇಳಿರಲಿಲ್ಲ. ಆದರೂ, "ಹೌದ್ರಿ" ಎಂದು ತಲೆಯಾಡಿಸಿದೆ.

"ಮುರೀಬೇಕಂದ್ರ ಮುರಿಯಾಕ ಬರವಲ್ದು." ಬೆಲ್ಲದ ಚೂರು ತೆಗೆದು ತಮ್ಮ ಬಾಯಿಗೆ ಹಾಕಿಕೊಂಡರು. "ನಾ ಸೋತೆ. ಬರೂ ತಿಂಗಳ ಮೊದಲನೇ ಐತವಾರ ಇಚಲಕರಂಜಿಗೆ ಬರತೇನಿ."

"ನನ್ನ ಮಾತ ಕೇಳಿ ಹೊಂಟೀರೇನ್ರಿ? ನಾ ನಾಸ್ತಿಕ ಅದೇನಿ!"

"ಒಮ್ಮೆ ಒಬ್ಬ ಹಾದಿ ತಪ್ಪಿದಾಗ ದೇವರು ಅವನ ಕತ್ತೆ ಬಾಯಿಂದ ಮಾತಾಡ್ಯಾನ ಅಂತ ನಮ್ಮ ಶಾಸ್ತ್ರದಾಗ ಐತಿ. ನಿನ್ನ ಬಾಯಿಂದ ಆಡಾಕ ಅವಗೇನ ಧಾಡಿ?"

ಬಸ್ಸಿನಲ್ಲಿ ಊರಿಗೆ ಹೋಗುವಾಗ ನಾನು ಗೆದ್ದ ಖುಷಿಯಲ್ಲಿದ್ದೆ. ಅಕ್ಕೋರನ್ನು ಗೆದ್ದದ್ದು ಅದೇ ಮೊದಲು.

ಮನೆಯಲ್ಲಿ ಅಪ್ಪನಿಗೆ ಸುದ್ದಿ ಹೇಳಿದೆ. ಕಳಿಸಿದವನು ನಾನೇ ಎಂದು ಮಾತ್ರ ಹೇಳಲಿಲ್ಲ. ಅಪ್ಪ ಗಾಬರಿಯಾದ. "ಆಕಿ ಬಂದು ನಿಂತ್ರ ನಾ ಏನ ಹೇಳಲಿ? ನನಗ ಮಾತ ಬರೂದಿಲ್ಲ. ನೀ ಕಲತಾಂವ ಅದಿ, ಒಂದ ಮಾತ ಹೇಳಿಕೊಡು."

ಏನೂ ಹೇಳಬೇಡ, ಒಳಗೆ ಬಾ ಅನ್ನು, ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಮಗೆ ಎರಡೂ ಪಕ್ಷ ಕಟ್ಟುವ ರೂಢಿ. ಒಂದು ಪಕ್ಷಕ್ಕೆ ಒಳ್ಳೆಯ ಮಾತು ಕೊಟ್ಟು ಬಂದಿದ್ದೆ. ಇನ್ನೊಂದು ಪಕ್ಷವನ್ನು ಬರಿಗೈಲಿ ನಿಲ್ಲಿಸುವುದು ಹೇಗೆ? ಅಪ್ಪನಿಗೊಂದು ಮಾತು ಕಟ್ಟಿಕೊಟ್ಟೆ. ಅಪ್ಪ ಅದನ್ನು ನೂಲಿನ ಬಾಬಿನ್ ಸುತ್ತುತ್ತ ಮತ್ತೆ ಮತ್ತೆ ಹೇಳಿ ಬಾಯಿಪಾಠ ಮಾಡಿದ.

ಹೇಳಿದಂತೆ ಅಕ್ಕೋರು ಬಂದರು. ಉಪದೇಶ ಮುಗಿದು ಬಟ್ಟಲು ಬರುವ ಮುಂಚೆ ಎದ್ದು, ಎಲ್ಲರ ಕಣ್ಣ ಮುಂದೆ ಚರ್ಚಿನಿಂದ ಹೊರಬಿದ್ದು ಬಸ್ಸು ಹತ್ತಿದ್ದರು. ನಮ್ಮ ಬಾಗಿಲ ಹೊರಗೆ ನಿಂತರು.

"ತಮ್ಮಾ, ಆವತ್ತ ಬಸ್ ಸ್ಟ್ಯಾಂಡಿನ್ಯಾಗ ನಾ ಆಡಿದ್ದು ತಪ್ಪು. ನಮಗ ಮಂದಿ ಜನ್ಮಪೂರ್ತಿ ಅಂದದ್ದು ನನ್ನ ಬಾಯಾಗ ಉಳದಿತ್ತು, ನಿನ್ನ ಮ್ಯಾಲೆ ಉಗುಳಿದೆ. ಕ್ಷಮಾ ಕೇಳಾಕ ಬಂದೇನಿ."

ಅಪ್ಪ ಗೋಡೆ ನೋಡುತ್ತ ನನ್ನ ಮಾತನ್ನು ಒಪ್ಪಿಸಿದ. "ನೀ ನಿನ್ನ ದೇವರ ಅಪ್ಪಣಿಗೆ ಬಂದೀದಿ. ನನ್ನ ಸಲುವಾಗಿ ಬಂದಿಲ್ಲ. ನಿನ್ನ ದೇವರ ಕಡೇನ ಕ್ಷಮಾ ಕೇಳು."

ಅಕ್ಕೋರು ಅಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಅವ್ವ ಕೊಟ್ಟ ನೀರು ಕುಡಿದು ಹೋದರು.

ಶನಿವಾರ ಹೋಗಲೋ ಬೇಡವೋ ಎಂದುಕೊಂಡೇ ಹೋದೆ. ಹೋಗದಿದ್ದರೆ ಆ ಮಾತು ಕಟ್ಟಿದವನು ನಾನೇ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಅವರು ಫುಟಾಣಿ ತಟ್ಟೆ ಮುಂದಿಟ್ಟರು.

"ವಾದ ಭಾಳ ಚೊಲೋ ಇತ್ತು. ನಿಮ್ಮಪ್ಪಂದಲ್ಲ ಅದು. ಯಾರು ಕಲಿಸಿದ್ದು ಅವಗ?"

ನಾನು ತಟ್ಟೆ ನೋಡುತ್ತ ಕೂತೆ.

"ನಾನ ಕಲಿಸಿದ್ದು" ಎಂದರು ಅಕ್ಕೋರು.

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅಷ್ಟೇ ಹೇಳಿ ಅವರು ಆ ವಾರದ ವಿಷಯ ತೆಗೆದರು. ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ರೈತನಿಗೆ ಲಾಭವೋ ನಷ್ಟವೋ. ನಾನು ಆವತ್ತು ಒಂದು ವಾಕ್ಯವನ್ನೂ ನೆಟ್ಟಗೆ ಮುಗಿಸಲಿಲ್ಲ.

ಮುಂದಿನ ತಿಂಗಳು ಮತ್ತೆ ಬಂದರು. ಈ ಸಲ ಹೊಸ್ತಿಲ ಮೇಲೆ ಕೂತರು. "ನೀ ಅಂದದ್ದು ಖರೇ, ತಮ್ಮಾ. ಅಪ್ಪಣಿಗೇ ಬಂದೇನಿ. ನನ್ನ ಮನಸ್ಸಿಗೆ ಬಿಟ್ಟಿದ್ರ ನಾ ಬರತಿರಲಿಲ್ಲ. ಇಷ್ಟ ವರ್ಷ ಬಂದೇನೇನ? ನಾ ಅಂಥಾಕಿ ಅಂತ ಗೊತ್ತಿದ್ದೇ ದೇವರು ಅಪ್ಪಣಿ ಕೊಟ್ಟಾನ. ಮನಸ್ಸು ಒಲ್ಲೆ ಅಂದಾಗೂ ಕಾಲು ಹೋಗಬೇಕು. ಕಾಲು ಬಂದಾವು. ಮನಸ್ಸು ಹಿಂದಿನ ಬಸ್ಸಿಗೆ ಬರಾಕತ್ತೈತಿ."

ಅಪ್ಪ ನನ್ನ ಕಡೆ ನೋಡಿದ. ನನ್ನ ಬಳಿ ಇದಕ್ಕೂ ಉತ್ತರವಿತ್ತು, ನಾಲಿಗೆಯ ತುದಿಯಲ್ಲಿತ್ತು. ನಾನು ಕೊಡಲಿಲ್ಲ. ಅಪ್ಪ ಡಬ್ಬಿ ತೆಗೆದುಕೊಂಡು, "ಪಾಳಿಗೆ ಹೊತ್ತಾತು" ಎಂದು ಹೊರಟುಹೋದ.

ಆಮೇಲೆ ಅವನು ಬೇಕೆಂದೇ ಭಾನುವಾರ ಹಗಲು ಪಾಳಿ ಹಾಕಿಸಿಕೊಂಡ. ಅಕ್ಕೋರು ಕಾರ್ಖಾನೆಗೇ ಬರತೊಡಗಿದರು. ಬಾಗಿಲ ಹೊರಗೆ ನೂಲಿನ ಪೆಟ್ಟಿಗೆಯ ಮೇಲೆ ಕೂರುವರು. ಒಂದಿಷ್ಟು ಹೊತ್ತು ಕೂತು ಎದ್ದುಹೋಗುವರು. ಮಗ್ಗದವರಿಗೆ ಅದೊಂದು ಗಮ್ಮತ್ತು. "ಆಲೀ ರೇ ತುಝಿ ಬಹಿಣ!" ಎಂದು, ನಿನ್ನ ಅಕ್ಕ ಬಂದಳೆಂದು, ಒಬ್ಬ ಮರಾಠಿಯಲ್ಲಿ ಕೂಗಿದರೆ, ನಮ್ಮ ಕಡೆಯವನೊಬ್ಬ, "ಪಾದ್ರಿ ಅಕ್ಕ ಬಂದಾಳ, ನಿನ್ನ ಪಾಪ ಅಳದು ಒಯ್ಯಾಕ" ಎನ್ನುವನು. ಅಪ್ಪ ಮಗ್ಗದ ಕಡೆ ತಿರುಗಿಕೊಳ್ಳುತ್ತಿದ್ದ. ಒಂದು ದಿನ ಊಟ ಬಿಟ್ಟೆದ್ದು ನನಗೆ ಹೇಳಿದ: "ನೀ ಕೊಟ್ಟ ಮಾತ ಚೊಲೋ ಐತಿ. ಆದ್ರ ನಂದಲ್ಲ. ಇನ್ನೊಬ್ಬರ ಅಂಗಿ ತೊಟ್ಟಂಗ ಆಗೇತಿ, ಕಳೀಬೇಕಂದ್ರ ಮಂದಿ ಮುಂದ ನಾಚಿಕಿ."

ಅಕ್ಕೋರಿಗೂ ನಾನು ಹೇಳಿ ನೋಡಿದೆ. "ಸಾಕ ಮಾಡ್ರಿ. ನಿಮ್ಮ ದೇವರು ಹೋಗು ಅಂದಿದ್ದ, ಹೋದ್ರಿ. ಅವರು ಒಪ್ಪದಿದ್ರ ಅದು ನಿಮ್ಮ ಜವಾಬ್ದಾರಿ ಅಲ್ಲ. ಇನ್ನ ಬಟ್ಟಲಿಗೆ ತುಟಿ ಹಚ್ಚಾಕ ನಿಮಗ ಹಕ್ಕ ಐತಿ."

"ಬರೇ ಹೋಗು ಅಂದಿಲ್ಲ. ಸಮಾಧಾನ ಆಗು ಅಂದಾನ. ಅರ್ಧಾ ಕೇಳೂದು ಕೇಳಿದಂಗಲ್ಲ ಅಂತ ಒಬ್ಬ ದೊಡ್ಡ ನಾಸ್ತಿಕ ನನಗ ಹೇಳ್ಯಾನ."

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಮಗ್ಗಗಳ ಶೆಡ್ಡಿನೊಳಗೆ ಹೋದವರಿಗೆ ಗೊತ್ತು, ಅಲ್ಲಿ ಮಾತಿಗೆ ಬೆಲೆಯಿಲ್ಲ. ಖಟಾ ಖಟಾ ಸದ್ದಿನಲ್ಲಿ ಕಿವಿಯ ಹತ್ತಿರ ಕೂಗಿದರೂ ಕೇಳಿಸದು. ಅಲ್ಲಿಯವರು ತುಟಿ ನೋಡಿ ತಿಳಿಯುತ್ತಾರೆ, ಕೈಸನ್ನೆಯಲ್ಲಿ ಹೇಳುತ್ತಾರೆ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ನೂಲು ಹರಿದಿದೆ ಎಂದು. ಹೆಬ್ಬೆರಳು ಬಾಯಿಯ ಕಡೆ ಬಗ್ಗಿಸಿದರೆ ಚಹಾ ಬಂದಿದೆ, ಬಾ ಎಂದು.

ಒಂದು ಭಾನುವಾರ ನಾನು ಅಪ್ಪನಿಗೆ ಊಟದ ಡಬ್ಬಿ ಒಯ್ದಿದ್ದೆ. ಹೊರಗೆ ಪೆಟ್ಟಿಗೆಯ ಮೇಲೆ ಅಕ್ಕೋರು ಕೂತಿದ್ದರು. ನಾನು ಬಾಗಿಲಲ್ಲಿ ನಿಂತೆ. ಒಳಗೆ ಚಹಾದ ಕಿಟ್ಲಿ ಬಂದಿತ್ತು. ಅಪ್ಪ ಮಗ್ಗದ ಹಿಂದಿನಿಂದ ಬಾಗಿಲ ಕಡೆ ನೋಡಿ, ಹೆಬ್ಬೆರಳನ್ನು ಬಾಯಿಯ ಕಡೆ ಬಗ್ಗಿಸಿದ. ನನ್ನನ್ನೇ ಕರೆದನೆಂದು ಹೆಜ್ಜೆ ಇಟ್ಟೆ. ಅವನು ತಲೆ ಅಲ್ಲಾಡಿಸಿ, ಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸುವಂತೆ ಮಾಡಿ, ನನ್ನ ಹಿಂದೆ ಕೂತವರಿಗೆ ಅದೇ ಸನ್ನೆಯನ್ನು ಮತ್ತೆ ಮಾಡಿದ.

ಅಕ್ಕೋರು ಛತ್ರಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಇಬ್ಬರಿಗೆ ಒಂದು ಚಹಾ. ನಮ್ಮ ಕಡೆ ಅದನ್ನು ಹಂಚಿಕೊಳ್ಳುವ ರೀತಿ ಒಂದೇ: ಒಬ್ಬರಿಗೆ ಕಪ್ಪು, ಒಬ್ಬರಿಗೆ ಕಪ್ಪಿನ ಕೆಳಗಿನ ಬಶಿ. ಅಪ್ಪ ಬಶಿಗೆ ಅರ್ಧ ಸುರಿದುಕೊಂಡು ಕಪ್ಪನ್ನು ಅಕ್ಕೋರಿಗೆ ಕೊಟ್ಟ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದರು. ಅಪ್ಪನ ತುಟಿ ಅಲುಗಿತು, ಅವರ ತುಟಿಯೂ ಅಲುಗಿತು. ತುಟಿ ಓದುವ ವಿದ್ಯೆ ನನಗಿರಲಿಲ್ಲ. ಅವರು ಏನು ಹೇಳಿದರೆಂದು ನನಗೆ ಇವತ್ತಿನವರೆಗೂ ಗೊತ್ತಿಲ್ಲ. ನನ್ನ ಮಾತು ಹೋಗಲಾರದ ಒಂದೇ ಜಾಗವನ್ನು ಹುಡುಕಿಕೊಂಡು ಅವರಿಬ್ಬರೂ ಒಂದಾದರು ಎಂಬುದಷ್ಟೇ ನನಗೆ ಗೊತ್ತು. ಬಾಗಿಲಲ್ಲಿ ಡಬ್ಬಿ, ಛತ್ರಿ ಹಿಡಿದು ನಿಂತ ನನ್ನನ್ನು ನೋಡಿ ಮಗ್ಗದವನೊಬ್ಬ ನಕ್ಕ. ನನ್ನ ಮುಖ ಹೇಗಾಗಿತ್ತೋ.

ಮುಂದಿನ ತಿಂಗಳು ನಾನು ಚರ್ಚಿನ ಕಿಟಕಿಗೆ ಹೋದೆ. ಬಟ್ಟಲು ಅಕ್ಕೋರ ಕೈಗೆ ಬಂತು. ಪಕ್ಕದವಳು ರೂಢಿಯಂತೆ ಕೈ ಚಾಚಿದಳು. ಅಕ್ಕೋರು ಕೊಡಲಿಲ್ಲ. ಮೊದಲು ಕುಡಿದರು, ಆಮೇಲೆ ಕೊಟ್ಟರು. ಪಕ್ಕದವಳ ಕೈ ಅಷ್ಟು ಹೊತ್ತು ಹಾಗೆಯೇ ಗಾಳಿಯಲ್ಲಿತ್ತು.

ನಿವೃತ್ತರಾಗಿ ಗಡಹಿಂಗ್ಲಜಕ್ಕೆ ಹೋದ ಮೇಲೂ ಅವರು ಇಚಲಕರಂಜಿಗೆ ಬರುವುದನ್ನು ಬಿಡಲಿಲ್ಲ. ಈಗ ಅದಕ್ಕೆ ಅಪ್ಪಣೆಯೇನೂ ಇರಲಿಲ್ಲ. "ಮನಸ್ಸಿನ ಬಸ್ಸು ಬಂತ್ರಿ?" ಎಂದು ನಾನು ಕೇಳಿದ್ದಕ್ಕೆ, "ಲೇಟ್ ಆತು, ಆದ್ರ ಜಾಗಾ ಸಿಕ್ತು" ಎಂದಿದ್ದರು.

ಸಣ್ಣ ಜ್ವರ ಬಂದು ಹೋದರು. ಮಣ್ಣಿಗೆ ಅಪ್ಪ, ನಾನು ಗಡಹಿಂಗ್ಲಜಕ್ಕೆ ಹೋದೆವು. ಅಪ್ಪ ಮನೆಯ ಟ್ರಂಕಿನಿಂದ ದೀಕ್ಷೆಯ ದಿನದ ಅದೇ ಬಿಳಿ ಅಂಗಿ, ಬಿಳಿ ಧೋತರ ತೆಗೆದು ಉಟ್ಟಿದ್ದ. ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಯಾರಾದರೂ ಎರಡು ಮಾತು ಹೇಳುವಿರಾ ಎಂದರು. ಕೊಲ್ಹಾಪುರದಿಂದ ಬಂದ ಹಳೆಯ ಮಾಸ್ತರರೊಬ್ಬರು ನನ್ನನ್ನು ತೋರಿಸಿ, "ಇಂವ ಹೇಳತಾನ್ರಿ, ಅವರ ಕೈಯಾಗ ತಯಾರಾದ ಹುಡುಗ" ಎಂದರು. ನಾನು ಗಂಟಲು ಸರಿಮಾಡಿಕೊಂಡೆ. ಯಾವ ವಾಕ್ಯದಿಂದ ಶುರುಮಾಡಬೇಕೆಂದು ಆಗಲೇ ಕಟ್ಟಿಕೊಂಡಿದ್ದೆ, ಅದನ್ನೂ ಇಲ್ಲಿ ಒಪ್ಪಿಕೊಂಡುಬಿಡಬೇಕು.

ಅಪ್ಪ ನನ್ನ ತೋಳಿನ ಮೇಲೆ ಕೈ ಇಟ್ಟ.

"ಅವ ಬ್ಯಾಡ್ರಿ. ನಾ ಹೇಳತೇನಿ."

ಎರಡು ಹೆಜ್ಜೆ ಮುಂದೆ ಹೋಗಿ ಗುಂಡಿಯ ಅಂಚಿಗೆ ನಿಂತ. ಮಾತು ಬಾರದವನು; ಜನ ಕಾದರು. ಒಂದು ಹಿಡಿ ಮಣ್ಣು ತೆಗೆದುಕೊಂಡ, ಹಾಕಿದ, ಕೈಯನ್ನು ಆ ಬಿಳಿ ಧೋತರಕ್ಕೇ ಒರಸಿಕೊಂಡ.

"ಈಕಿ ನನ್ನ ಕಡೆ ಬರತಿದ್ಲು" ಎಂದ.

ಇನ್ನೇನೋ ಹೇಳುತ್ತಾನೆಂದು ಎಲ್ಲರೂ ನಿಂತಿದ್ದರು. ಅವನು ಹಿಂದೆ ಸರಿದು ನನ್ನ ಪಕ್ಕ ಬಂದು ನಿಂತ. ಅವನ ಮಾತು ಮುಗಿದಿತ್ತು.